ಗುಳೆ ಹೋದವರು, ಗಂಟು ತಂದವರು

ತುಂಬಾ ದಿನ ಆಯ್ತು ಈ ಕಡೆ ಬರದೆ. ಶುರು ಮಾಡಿ ಅರ್ಧಕ್ಕೆ ಬಿಟ್ಟ ನಾಲ್ಕೈದು ಬರಹಗಳು ಡ್ರಾಫ್ಟಿನಲ್ಲೇ ಕೂತಿವೆ. ಇವತ್ತಿನದನ್ನು ಮಾತ್ರ ಮುಗಿಸಿಯೇ ಏಳೋದು ಅಂತ ಕೂತಿದ್ದೀನಿ. ಕಾರಣ, ಹೋದ ವಾರ ಆಫೀಸಿನ ಗೆಳೆಯರೊಬ್ಬರು ಊಟ ಮಾಡ್ತಾ ಅಂದ ಒಂದು ಮಾತು.

ನಮ್ಮ ಆಫೀಸಿನ ಹಿಂದೆ ದೊಡ್ಡ ಕಟ್ಟಡವೊಂದು ಏಳ್ತಾ ಇದೆ. ಅಲ್ಲಿ ಕೆಲಸ ಮಾಡುವವರ ಮಾತು ಕೇಳಿಸಿಕೊಂಡಿದ್ದ ಅವರು, "ಇವರೆಲ್ಲ ನಿಮ್ಮ ರಾಯಚೂರಿನವರೇ ಅಲ್ವಾ? ಪಾಪ, ಅಲ್ಲಿ ಮಳೆ ಇಲ್ಲ, ಅದಕ್ಕೆ ಇಲ್ಲಿಗೆ ಬರ್ತಾರೆ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಊಟ ಮುಗಿಯುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅಂತ ನಾನು ಸುಮ್ಮನಾದೆ. ಇಲ್ಲಿ ನೀವು ಸಿಕ್ಕಿದ್ದೀರಿ, ಪುರುಸೊತ್ತಾಗಿ ಹೇಳ್ತೀನಿ :)

ಮಳೆ ಕಡಿಮೆ ಅನ್ನೋದು ಸುಳ್ಳಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಇನ್ನೊಂದು ಸಂಗತಿಯೂ ಅಷ್ಟೇ ನಿಜ. ಜನ ಬಿಟ್ಟು ಹೋಗುವ ಅದೇ ಜಿಲ್ಲೆಗೆ ನೂರಾರು ಕಿಲೋಮೀಟರ್ ದೂರದಿಂದ ಜನ ಬಂದಿದ್ದಾರೆ. ಹೊಲ ಕೊಂಡು, ಮನೆ ಕಟ್ಟಿ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಅಲ್ಲಿಯವರೇ ಆಗಿಬಿಟ್ಟಿದ್ದಾರೆ. ಅದೇ ಬಿಸಿಲು, ಅದೇ ಎರೆಮಣ್ಣು, ಅದೇ ಮಳೆ. ಹಾಗಾದರೆ ಇವರು ಯಾಕೆ ಹೋದರು, ಅವರು ಯಾಕೆ ಬಂದರು?

ಮೊದಲು ಹೋದವರ ಕಥೆ.

ನಮ್ಮೂರು ಲಿಂಗಸುಗೂರು ಕಡೆ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ, ನಡುವೆ ನಾವು. ಈ ನಡುವಿನ ನೆಲಕ್ಕಾಗಿ ವಿಜಯನಗರದವರೂ ಸುಲ್ತಾನರೂ ನೂರಾರು ವರ್ಷ ಬಡಿದಾಡಿದರು ಅಂತ ಚರಿತ್ರೆಯಲ್ಲಿ ಓದಿರ್ತೀರಿ. ಅಷ್ಟು ಬಡಿದಾಡುವಂಥದ್ದು ಇಲ್ಲೇನಿದೆ ಅಂತ ಹುಡುಗನಾಗಿದ್ದಾಗ ನನಗೆ ಆಶ್ಚರ್ಯ ಆಗ್ತಿತ್ತು. ಎರಡು ನದಿಯ ನಡುವೆ ಇದ್ದರೂ ಕೊಡ ಹೊತ್ತು ಎರಡು ಮೈಲಿ ನಡೆಯುವ ಊರು ನಮ್ಮದು.

ನಮ್ಮಪ್ಪ ಪ್ರೈಮರಿ ಶಾಲೆ ಮಾಸ್ತರರು. ದೀಪಾವಳಿ ಮುಗಿದ ಮೇಲೆ ಅವರ ಹಾಜರಿ ಪುಸ್ತಕದಲ್ಲಿ ಸೊನ್ನೆಗಳು ಶುರುವಾಗ್ತಿದ್ದವು. ಮೊದಲ ವಾರ ಐದಾರು, ಆಮೇಲೆ ಹತ್ತು, ಹದಿನೈದು... ಯುಗಾದಿವರೆಗೂ ಅಡ್ಡಸಾಲಿನಲ್ಲಿ ಬರೀ ಸೊನ್ನೆ. ಅಪ್ಪ ಆ ಹೆಸರುಗಳನ್ನು ಹೊಡೆದು ಹಾಕ್ತಿರಲಿಲ್ಲ. "ಬರ್ತಾವ ತಗೋ, ಮುಂಗಾರಿಗೆ ಬರ್ತಾವ" ಅಂತಿದ್ದರು. ಹೆಸರು ಹೊಡೆದರೆ ಮಗು ಮತ್ತೆ ಶಾಲೆಗೆ ಬರೋದೇ ಇಲ್ಲ ಅನ್ನೋದು ಅವರ ಲೆಕ್ಕ.

ಇದಕ್ಕೆ ನಮ್ಮ ಕಡೆ ಗುಳೆ ಅಂತಾರೆ. ವಲಸೆ ಅನ್ನೋದು ಪೇಪರಿನ ಮಾತು. ಗುಳೆ ಅಂದರೆ ಮನೆಗೆ ಬೀಗ ಜಡಿದು, ಇಲ್ಲವೇ ಮುದುಕಿಯೊಬ್ಬಳನ್ನು ಕಾವಲಿಗೆ ಬಿಟ್ಟು, ಹಿಟ್ಟು, ಪಾತ್ರೆ, ಕೌದಿ, ಕೂಸು ಎಲ್ಲ ಕಟ್ಟಿಕೊಂಡು ಸಂಸಾರಕ್ಕೆ ಸಂಸಾರವೇ ಹೊರಡೋದು. ಆದರೆ ಪೂರ್ತಿ ಬಿಟ್ಟು ಹೋಗೋದಲ್ಲ, ತಿರುಗಿ ಬರೋದೂ ಅದರಲ್ಲೇ ಸೇರಿದೆ. ಯುಗಾದಿಗೋ ಕಾರಹುಣ್ಣಿಮೆಗೋ ಬರ್ತಾರೆ. ಮೊಹರಂಗಂತೂ ತಪ್ಪದೇ ಬರ್ತಾರೆ. ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಗೋವಾ, ಪುಣೆ, ಬೆಂಗಳೂರು ಎಲ್ಲಿದ್ದರೂ ಜಾತಿ ಮತ ಅನ್ನದೆ ಜನ ಆ ದಿನಕ್ಕೆ ಊರು ಸೇರ್ತಾರೆ.

ಪಕ್ಕದ ಮನೆಯ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲೇ ಇದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ಮಗ್ಗಿ ತಪ್ಪಿದರೆ ಹಿಂದಿನಿಂದ ಪಿಸುಗುಟ್ಟಿ ಕಾಪಾಡ್ತಿದ್ದಳು. 1996ರಲ್ಲಿ ನಾವು ಏಳನೇ ಕ್ಲಾಸು. ಆ ವರ್ಷ ದೀಪಾವಳಿಗೆ ಹೋದವರು ಪರೀಕ್ಷೆ ಮುಗಿದ ಮೇಲೆ ಬಂದರು. ಅಲ್ಲಿಗೆ ಅವಳ ಶಾಲೆ ಮುಗೀತು. ಮುಂದಿನ ವರ್ಷ ಅವಳೂ ಗುಳೆಯಲ್ಲಿ ಲೆಕ್ಕಕ್ಕೆ ಸಿಗುವ ಒಂದು ಕೈ ಆದಳು. ಅವಳ ವಿಷಯ ಇನ್ನೂ ಇದೆ, ಆಮೇಲೆ ಹೇಳ್ತೀನಿ.

ಈಗ ಬಂದವರ ಕಥೆ. ಇದಕ್ಕೆ ಸ್ವಲ್ಪ ದೂರ ಹೋಗಬೇಕು, ಗೋದಾವರಿ ದಂಡೆಗೆ.

ಆರ್ಥರ್ ಕಾಟನ್ ಅನ್ನೋ ಇಂಗ್ಲಿಷ್ ಇಂಜಿನಿಯರ್ ಹೆಸರು ಕೇಳಿರಬಹುದು. 1852ರಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಮುಗೀತು. 1855ರಲ್ಲಿ ವಿಜಯವಾಡದಲ್ಲಿ ಕೃಷ್ಣೆಗೂ ಆಯ್ತು. ಅಂದರೆ ಕರಾವಳಿ ಆಂಧ್ರದ ರೈತರಿಗೆ ನಮಗಿಂತ ನೂರು ವರ್ಷ ಮೊದಲೇ ಕಾಲುವೆ ನೀರು ಸಿಕ್ಕಿತು. ಮಡಿ ಕಟ್ಟೋದು, ನಾಟಿ, ಗೊಬ್ಬರ, ಅಕ್ಕಿ ಗಿರಣಿ, ಸಾಲ, ಮಾರಾಟ ಎಲ್ಲ ತಲೆಮಾರುಗಳಿಂದ ಕೈಗೆ ಹತ್ತಿತ್ತು. ಜೊತೆಗೆ ಅಲ್ಲಿ ಭೂಮಿ ಬೆಲೆ ಏರಿತ್ತು, ಅಣ್ಣತಮ್ಮಂದಿರ ನಡುವೆ ಹಂಚಿ ಹಂಚಿ ಪಾಲು ಸಣ್ಣದಾಗಿತ್ತು.

ಈ ಕಡೆ 1953ರಲ್ಲಿ ತುಂಗಭದ್ರಾ ಡ್ಯಾಮು ಆಯ್ತು. ಅದರ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಹೋಗುತ್ತೆ. ನೀರು ಬಂತು. ಆದರೆ ನೀರು ಬಂದ ಮಾತ್ರಕ್ಕೆ ಬೆಳೆ ಬರಲ್ಲ ನೋಡಿ. ಜೋಳ, ಸಜ್ಜೆ, ಕಡಲೆ ಬೆಳೆಯುವ ಹೊಲ ಭತ್ತದ ಗದ್ದೆ ಆಗಬೇಕಾದರೆ ನೆಲ ಸಮ ಮಾಡಬೇಕು, ಬದು ಕಟ್ಟಬೇಕು, ಬೀಜ ಗೊಬ್ಬರಕ್ಕೆ ದುಡ್ಡು ಸುರಿಯಬೇಕು, ನಾಟಿಗೆ ಆಳು ಹಚ್ಚಬೇಕು. ಮೊದಲ ಬೆಳೆ ಕೈಗೆ ಬರುವವರೆಗೆ ತಿನ್ನೋದಕ್ಕೂ ಬೇಕು. ಮಳೆ ನೋಡಿ ಬಿತ್ತಿ, ದೇವರ ಮೇಲೆ ಭಾರ ಹಾಕಿ ಕೂರುವ ಒಣಬೇಸಾಯದವನ ಹತ್ತಿರ ಆ ಗಂಟು ಇರಲಿಲ್ಲ, ಆ ಅಭ್ಯಾಸವೂ ಇರಲಿಲ್ಲ.

ಎರಡೂ ಇದ್ದವರು ಬಂದರು. ಅಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವಾರು ಎಕರೆ ಸಿಗ್ತಿತ್ತು. ಮಾರಿದ ನಮ್ಮವರಿಗೂ ಅದು ತಾವು ಕಂಡು ಕೇಳರಿಯದ ರೇಟು. ಮದುವೆ, ಸಾಲ, ಕಾಯಿಲೆ ಅಂತ ಯಾವುದೋ ಒಂದು ಎದುರಿಗೆ ನಿಂತಿರುತ್ತಲ್ಲ, ಕೊಟ್ಟರು. ಹೀಗೆ ಕಾಲುವೆಯುದ್ದಕ್ಕೂ ಕ್ಯಾಂಪುಗಳು ಹುಟ್ಟಿದವು. ಇವತ್ತಿಗೂ ನಮ್ಮ ಕಡೆ ಅವನ್ನು ಕ್ಯಾಂಪ್ ಅಂತಲೇ ಕರೀತೀವಿ. ಗಂಗಾವತಿ ಹತ್ತಿರದ ಶ್ರೀರಾಮನಗರಕ್ಕೆ ಹೋದರೆ ಆಂಧ್ರದ ಯಾವುದೋ ಊರಿಗೆ ಹೋದ ಹಾಗೇ ಅನಿಸುತ್ತೆ. ಅಷ್ಟೇ ಅಲ್ಲ, ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರಿಗೆ ಸರ್ಕಾರವೇ ಭೂಮಿ ಕೊಟ್ಟು ಕೂರಿಸಿದ ಕ್ಯಾಂಪುಗಳೂ ಇವೆ. ಒಂದೇ ತಾಲೂಕಿನ ಸಂತೆಯಲ್ಲಿ ಕನ್ನಡ, ತೆಲುಗು, ಬಂಗಾಲಿ, ಲಂಬಾಣಿ, ಉರ್ದು ಎಲ್ಲ ಕೇಳಬಹುದು.

ಆಂಧ್ರದವರು ಬಂದು ನಮ್ಮ ನೆಲ ಕಬಳಿಸಿದರು ಅಂತ ಬೈಯುವವರು ನಮ್ಮಲ್ಲೂ ಇದ್ದಾರೆ. ನನಗೆ ಹಾಗನಿಸಲ್ಲ. ಅವರು ಬೆವರು ಸುರಿಸಿದ್ದು ನಿಜ. ಜಾಲಿ ಕಡಿದು, ಗುಡಿಸಲಲ್ಲಿದ್ದು, ಹಾವು ಚೇಳಿನ ನಡುವೆ ಗದ್ದೆ ಮಾಡಿದ್ದು ನಿಜ. ಆದರೆ ಅವರು ಬರುವಾಗ ಕೈಯಲ್ಲಿ ಗಂಟು ಇತ್ತು, ಬೆನ್ನಿಗೆ ನೂರು ವರ್ಷದ ಕಾಲುವೆ ಇತ್ತು. ನಮ್ಮವರು ಹೋಗುವಾಗ ತಲೆ ಮೇಲೆ ಸಾಲ ಇತ್ತು. ಎರಡನ್ನೂ ವಲಸೆ ಅಂತ ಒಂದೇ ಪದದಲ್ಲಿ ಕರೆದುಬಿಟ್ಟರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ.

ಇನ್ನೊಂದು ವಿಷಯ ನೋಡಿ. ಈ ಕಾಲುವೆಯನ್ನು ಭತ್ತಕ್ಕಾಗಿ ಮಾಡಿದ್ದೇ ಅಲ್ಲ! ಬರಗಾಲದ ಸೀಮೆ ಅಂತ, ಹೆಚ್ಚು ಊರಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿಯಂಥ ಬೆಳೆ ಉಳಿಸಿಕೊಳ್ಳಲಿ ಅನ್ನೋದು ಮೂಲ ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಬೆಳೆಗೆ ನೀರು ಅಂತ ಸರ್ಕಾರವೇ ಗೊತ್ತು ಮಾಡಿತ್ತು, ಲೋಕಲೈಸೇಶನ್ ಅಂತ ಅದಕ್ಕೆ ಹೆಸರು. ಭತ್ತಕ್ಕೆ ಇದ್ದದ್ದು ಸ್ವಲ್ಪ ಜಾಗ ಮಾತ್ರ. ಆದರೆ ಮೇಲಿನ ಭಾಗದಲ್ಲಿ ಭತ್ತದ ಮೇಲೆ ಭತ್ತ ಹಾಕಿದರು, ಬಂದವರೂ ಹಾಕಿದರು, ಅವರನ್ನು ನೋಡಿ ಕಲಿತ ಸ್ಥಳೀಯರೂ ಹಾಕಿದರು. ನೀರು ಕೆಳಗಿಳಿಯಲೇ ಇಲ್ಲ. ಪೀಟರ್ ಮೊಲಿಂಗಾ ಅನ್ನೋ ಡಚ್ ವಿದ್ವಾಂಸರು ಇದೇ ಎಡದಂಡೆ ಕಾಲುವೆಯ ಊರುಗಳಲ್ಲಿ ಓಡಾಡಿ, ತೂಬಿನ ಹತ್ತಿರ ನಡೆಯುವ ಜಗಳ, ರಾಜಿ, ರಾಜಕೀಯವನ್ನೆಲ್ಲ ಇಟ್ಟು ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ಇದರ ಜೊತೆಗೆ ಹೂಳು. ಡ್ಯಾಮು ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಈಗ 105ರ ಆಸುಪಾಸು. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯ್ತಲ್ಲ, ಆ ರಾತ್ರಿ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಯಾರೂ ಮಲಗಿರಲಿಲ್ಲ. ಗದ್ದೆ ಇದ್ದವರಿಗೆ ಬೆಳೆ ಚಿಂತೆ. ಗದ್ದೆ ಇಲ್ಲದವರದು ಬೇರೆ ಚಿಂತೆ: ನಾಟಿ ಇಲ್ಲದಿದ್ದರೆ ಕೂಲಿ ಎಲ್ಲಿ? ಮತ್ತೆ ಬೆಂಗಳೂರೇನಾ?

ಕಾಲುವೆಯ ಕೊನೆಯ ಊರುಗಳಿಂದ, ಕಾಲುವೆಯೇ ಇಲ್ಲದ ನಮ್ಮಂಥ ಊರುಗಳಿಂದ ಹಿಂದೆಲ್ಲ ಜನ ಹತ್ತಿರದ ನೀರಾವರಿ ಊರುಗಳಿಗೇ ದುಡಿಯಲು ಹೋಗ್ತಿದ್ದರು. ನಾಟಿಗೆ ಒಂದು ಸಲ, ಕೊಯ್ಲಿಗೆ ಒಂದು ಸಲ. ಹದಿನೈದು ದಿನ, ಇಪ್ಪತ್ತು ದಿನ. ಕೂಲಿಗೆ ಭತ್ತ ಕೊಡ್ತಿದ್ದರು, ಚೀಲ ಹೊತ್ತು ತರ್ತಿದ್ದರು. ಅಷ್ಟು ದಿನಕ್ಕೆ ಶಾಲೆ ತಪ್ಪಿದರೂ ಮಕ್ಕಳು ಹೇಗೋ ಸುಧಾರಿಸಿಕೊಳ್ತಿದ್ದವು. ಆಮೇಲೆ ಭತ್ತ ಕೊಯ್ಯುವ ದೊಡ್ಡ ಮಷೀನುಗಳು ಬಂದವು. ಇಪ್ಪತ್ತು ಜನ ದಿನವೆಲ್ಲ ಮಾಡುವ ಕೆಲಸ ಅದಕ್ಕೆ ಸ್ವಲ್ಪ ಹೊತ್ತಿನದು. ಹತ್ತಿರದ ಗುಳೆ ನಿಂತುಹೋಯ್ತು, ದೂರದ ಗುಳೆ ಉಳೀತು. 30 ಕಿಲೋಮೀಟರ್ ಹೋಗ್ತಿದ್ದವರು 400 ಕಿಲೋಮೀಟರ್ ಹೋಗೋ ಹಾಗಾಯ್ತು. ಇದಕ್ಕೂ ಮಳೆಗೂ ಏನು ಸಂಬಂಧ ಹೇಳಿ?

ಇನ್ನು ದೀಪಾವಳಿ ಹೊತ್ತಿಗೇ ಯಾಕೆ ಹೋಗ್ತಾರೆ? ಮುಂಗಾರಿನ ಪೀಕು ಬಂದಿರುತ್ತೆ ಅಥವಾ ಕೈಕೊಟ್ಟಿರುತ್ತೆ, ಹಿಂಗಾರಿಯ ಬಿತ್ತನೆ ಮುಗಿದಿರುತ್ತೆ, ಊರಲ್ಲಿ ಕೆಲಸ ಇರಲ್ಲ. ಸರಿ. ಆದರೆ ಅದೇ ಹೊತ್ತಿಗೆ ಮೇಸ್ತ್ರಿ ಊರಿಗೆ ಬರ್ತಾನೆ. ಅವನು ಹೊರಗಿನವನಲ್ಲ, ಹೆಚ್ಚಾಗಿ ನಮ್ಮದೇ ಓಣಿಯವನು, ಹತ್ತು ವರ್ಷದ ಹಿಂದೆ ಅವನೂ ಗಾರೆ ಹೊತ್ತವನೇ. ಗಂಡ ಹೆಂಡತಿ ಜೋಡಿಗೆ ಇಷ್ಟು ಅಂತ ಮುಂಗಡ ಎಣಿಸ್ತಾನೆ. ಆ ದುಡ್ಡು ಬೀಜದಂಗಡಿಯ ಉದ್ರಿಗೆ, ಹಬ್ಬಕ್ಕೆ, ಕೈಸಾಲಕ್ಕೆ ಅವತ್ತೇ ಹೋಗುತ್ತೆ. ಆಮೇಲೆ ಹೋಗದೆ ಇರೋ ಹಾಗಿಲ್ಲ. ಮಳೆ ಚೆನ್ನಾಗಿ ಆದ ವರ್ಷವೂ ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಗಂಟು ಮೂಟೆ ಕಾಣ್ತವೆ ಅಂದರೆ ಕಾರಣ ಇದು. ಬರಗಾಲ ಒಂದು ವರ್ಷದ್ದು, ಅದು ಬಿಟ್ಟುಹೋದ ಸಾಲ ಐದು ವರ್ಷದ್ದು.

ಮತ್ತೆ, ಎಲ್ಲರೂ ಹೋಗ್ತಾರೆ ಅಂತಲೂ ಅಲ್ಲ. ಮೇಸ್ತ್ರಿಯ ಗುರುತು ಇದ್ದವರು, ಗಟ್ಟಿ ಮೈ ಇದ್ದವರು, ಗಂಡ ಹೆಂಡತಿ ಇಬ್ಬರೂ ದುಡಿಯುವವರು ಹೋಗ್ತಾರೆ. ವಿಧವೆಯರು, ರೋಗಿಗಳು, ಯಾರೂ ಮುಂಗಡ ಕೊಡದವರು ಊರಲ್ಲೇ ಉಳೀತಾರೆ. ಅವರ ಪಾಡು ಹೋದವರಿಗಿಂತ ಕಡೆ. ಪೇಪರಿನಲ್ಲಿ ಬರೋದು ಮಾತ್ರ ಹೋದವರ ಫೋಟೋ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲ ಅಂತಿಲ್ಲ. 2002ರ ನಂಜುಂಡಪ್ಪ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಇತ್ತು, ಅದರಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದವೇ. ಅದೇ 2002ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದೂ ನಮ್ಮ ಕಡೆಯ ಜಿಲ್ಲೆಗಳಲ್ಲಿ. ಅದರಿಂದ ಆದ ಉಪಕಾರ ನಾನು ಕಣ್ಣಾರೆ ಕಂಡಿದ್ದೀನಿ. ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತೆ ಅಂತ ಎಷ್ಟೋ ಜನ ಸಣ್ಣ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗೋಕೆ ಶುರು ಮಾಡಿದರು. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂತು, ವರ್ಷಕ್ಕೆ ಮನೆಗೆ 100 ದಿನ ಕೆಲಸ ಅಂತ. ಹೆಂಗಸರಿಗೆ, ವಯಸ್ಸಾದವರಿಗೆ ಅದು ಆಧಾರ ಆಯ್ತು. ಆದರೆ ಖಾತ್ರಿಯ ಕೂಲಿ ಕೆಲಸ ಆದ ಮೇಲೆ ಬರೋದು, ಮೇಸ್ತ್ರಿಯ ದುಡ್ಡು ಕೆಲಸಕ್ಕೆ ಮುಂಚೆ ಬರೋದು. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಯಾವುದು ಗೆಲ್ಲುತ್ತೆ ಅಂತ ನೀವೇ ಹೇಳಿ. ಆಮೇಲೆ ಸಂವಿಧಾನಕ್ಕೆ 371(ಜೆ) ಸೇರಿತು. ಡಿಗ್ರಿ ಓದಿದವರಿಗೆ ನೌಕರಿ, ಸೀಟು ಸಿಕ್ಕವು, ಸಂತೋಷವೇ. ಏಳನೇ ಕ್ಲಾಸಿಗೇ ಬಿಟ್ಟವರ ಹತ್ತಿರ ಅದು ಹೋಗಲ್ಲ.

ಇನ್ನೊಂದು ತಮಾಷೆ ಕೇಳಿ. ವಲಸೆ ಕಾರ್ಮಿಕರಿಗೆ ಅಂತ 1979ರಲ್ಲಿ ಆದ ಕಾಯ್ದೆ ರಾಜ್ಯದ ಗಡಿ ದಾಟಿ ಹೋದವರಿಗೆ ಮಾತ್ರ ಅನ್ವಯ ಆಗ್ತಿತ್ತು. ರಾಯಚೂರಿಂದ ಹತ್ತಿರದಲ್ಲೇ ಇರುವ ತೆಲಂಗಾಣದ ಊರಿಗೆ ಹೋದರೆ ವಲಸೆ ಕಾರ್ಮಿಕ. ರಾತ್ರಿಯೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ಬೆಂಗಳೂರಿಗೆ ಬಂದರೆ ಅಲ್ಲ! ನಮ್ಮದೇ ಶಕ್ತಿನಗರದಲ್ಲಿ ಕರೆಂಟು ಆಗುತ್ತೆ, ನಮ್ಮದೇ ಹಟ್ಟಿಯಲ್ಲಿ ಚಿನ್ನ ತೆಗೀತಾರೆ, ಎರಡೂ ಊರಿಂದ ಹೊರಗೆ ಹೋಗ್ತವೆ. ಅವುಗಳ ಲೆಕ್ಕ ಮಾತ್ರ ಪಕ್ಕಾ ಇರುತ್ತೆ. ಹೊರಗೆ ಹೋಗುವ ಜನರ ಲೆಕ್ಕ ಅಪ್ಪನ ಹಾಜರಿ ಪುಸ್ತಕದ ಸೊನ್ನೆಗಳಲ್ಲಿ ಬಿಟ್ಟರೆ ಇನ್ನೆಲ್ಲೂ ನಾನು ಕಂಡಿಲ್ಲ.

2020ರ ಮೇ ತಿಂಗಳು ನಿಮಗೂ ನೆನಪಿರುತ್ತೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗಾಗಿ ನಿಂತ ಸಾಲುಗಳು. ಊರಿಗೆ ಹೋಗುವವರಿಗೆ ಸರ್ಕಾರಿ ಬಸ್ಸು ಉಚಿತ ಅಂತ ಹೇಳಿದ ಮೇಲೆ ನಮ್ಮ ಕಡೆಯ ಜನ ಸಾವಿರಗಟ್ಟಲೆ ಹೊರಟರು. ಅಪ್ಪ ಆಗ ರಿಟೈರ್ ಆಗಿದ್ದರು. ಫೋನಿನಲ್ಲಿ ಹೇಳಿದರು, "ಊರಾಗ ಒಂದ ಮನಿಗೂ ಕೀಲಿ ಇಲ್ಲ ನೋಡಪಾ. ನನ್ನ ಸರ್ವೀಸಿನಾಗ ಇಷ್ಟು ಹುಡುಗ್ರನ್ನ ಒಮ್ಮೆಗೇ ಊರಾಗ ಕಂಡಿದ್ದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಸಾಲಿನ ಬಂದ್ ಐತಿ" ಅಂದರು.

ಎಲ್ಲ ಮಕ್ಕಳೂ ಊರಲ್ಲಿದ್ದ ಒಂದೇ ಒಂದು ವರ್ಷ ಶಾಲೆಗೆ ಬೀಗ. ಸಾಲಕ್ಕೆ ಬೀಗ ಇರಲಿಲ್ಲ. ಕೆಲವೇ ತಿಂಗಳಲ್ಲಿ ಮೇಸ್ತ್ರಿಗಳ ಫೋನು ಶುರುವಾದವು, ಬಸ್ಸುಗಳು ಮತ್ತೆ ತುಂಬಿದವು. 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ ಇಲ್ಲ. ಇದರಿಂದ ಹೋಗೋದು ಹೆಚ್ಚಾಯ್ತೋ, ಆಗಾಗ ಬಂದು ಮಕ್ಕಳನ್ನು ನೋಡಿ ಹೋಗೋದು ಹೆಚ್ಚಾಯ್ತೋ? ನಮ್ಮೂರಲ್ಲಿ ನಾನು ನೋಡಿದ ಮಟ್ಟಿಗೆ ಎರಡನೆಯದು. ಅವ್ವಂದಿರು ತಿಂಗಳಿಗೊಮ್ಮೆ ಬಂದು ಮಗನ ತಲೆ ಸವರಿ ಹೋಗ್ತಾರೆ. ಸಣ್ಣ ವಿಷಯ ಅಲ್ಲ ಅದು.

ಕಳೆದ ಸಲ ಊರಿಗೆ ಹೋಗುವಾಗ ಸಿಂಧನೂರು ದಾಟಿ ಗದ್ದೆಗಳ ನಡುವೆ ಚಹಾಕ್ಕೆ ನಿಂತಿದ್ದೆ. ನಾಟಿ ನಡೀತಿತ್ತು. ನಾಟಿ ಅಂದರೆ ನಮ್ಮ ಕಣ್ಣಿಗೆ ಸೀರೆ ಎತ್ತಿ ಕಟ್ಟಿದ ಹೆಂಗಸರ ಸಾಲು. ಅಲ್ಲಿದ್ದದ್ದು ಬರೀ ಹುಡುಗರು, ಹಿಂದಿ ಹಾಡು ಹಚ್ಚಿಕೊಂಡು ಸರಸರ ಹಿಂದೆ ಸರೀತಿದ್ದರು. ಪಶ್ಚಿಮ ಬಂಗಾಳದವರಂತೆ. ಎಕರೆಗೆ ಇಷ್ಟು ಅಂತ ಗುತ್ತಿಗೆ. ಚಹಾದಂಗಡಿ ಕಾಕಾ ನಕ್ಕು ಹೇಳಿದರು, "ನಮ್ಮ ಮಂದಿ ಬೆಂಗಳೂರಿಗಿ ಹೋಗ್ಯಾರ, ಅವರ ಮಂದಿ ಇಲ್ಲಿಗಿ ಬಂದಾರ. ನೆಲ ಅಲ್ಲೇ ಐತಿ, ಮಂದಿ ಅಷ್ಟ ತಿರಗಾಕತ್ತಾರ." ಆ ಹುಡುಗರ ಊರಿನ ಗದ್ದೆಯಲ್ಲಿ ಈಗ ಯಾರು ನಾಟಿ ಮಾಡ್ತಿರಬಹುದು ಅಂತ ಯೋಚಿಸ್ತಾ ಚಹಾ ಕುಡಿದೆ.

ನಾನೂ ಊರು ಬಿಟ್ಟವನೇ. ಅದೇ ಬಸ್ ಸ್ಟ್ಯಾಂಡಿನಿಂದಲೇ ಹೊರಟವನು. ಆದರೆ ನಾನು ಹೊರಟಾಗ ಅವ್ವ ಆರತಿ ಎತ್ತಿದಳು, ಕೈಯಲ್ಲಿ ಆಫರ್ ಲೆಟರ್ ಇತ್ತು. ನನ್ನದಕ್ಕೆ ಯಾರೂ ಗುಳೆ ಅನ್ನಲಿಲ್ಲ. ವ್ಯತ್ಯಾಸ ಬರೀ ಸಂಬಳದ್ದಲ್ಲ. ನಾನು ಯಾವಾಗ ಬೇಕಾದರೂ "ಸಾಕು" ಅಂತ ತಿರುಗಿ ಹೋಗಬಹುದು. ಮುಂಗಡ ತಗೊಂಡವರಿಗೆ ಆ ಮಾತು ಆಡೋಕಾಗಲ್ಲ.

ಆ ಲೆಕ್ಕದಲ್ಲಿ ಚುರುಕಿದ್ದ ಗೆಳತಿಯ ವಿಷಯಕ್ಕೆ ಬರ್ತೀನಿ. ಅವಳೀಗ ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡಿನಲ್ಲಿ ಇರ್ತಾಳೆ. ದೊಡ್ಡ ಮಕ್ಕಳಿಬ್ಬರೂ ಅವಳ ಹಾಗೆಯೇ ನಡುವೆ ಶಾಲೆ ಬಿಟ್ಟವರು. ಕೊನೆಯ ಮಗ ಆರನೇ ಕ್ಲಾಸು ಮುಗಿಸಿದ್ದಾನೆ. ಹೋದ ತಿಂಗಳು ಫೋನ್ ಮಾಡಿದ್ದಳು.

"ಅಣ್ಣಾ, ಒಂದು ಕೇಳ್ತೀನಿ. ಇವನ್ನ ಇಲ್ಲಿ ಸಾಲಿಗಿ ಹಚ್ಚಲೋ, ಊರಾಗ ಅವ್ವನ ಹತ್ರ ಬಿಡಲೋ?"

ಇಲ್ಲಿ ಹಚ್ಚಿದರೆ ಕೆಲಸ ಮುಗಿದು ಶೆಡ್ಡು ಬದಲಾದಾಗ ಮತ್ತೆ ಟಿ.ಸಿ., ಮತ್ತೆ ಹೊಸ ಶಾಲೆ. ಊರಲ್ಲಿ ಬಿಟ್ಟರೆ ಎಪ್ಪತ್ತು ದಾಟಿದ, ಕಣ್ಣು ಮಂಜಾದ ಅಜ್ಜಿ. ಹೀಗೆ ಹೀಗೆ ಆಗುತ್ತೆ ಅಂತ ನನಗೆ ತಿಳಿದದ್ದೆಲ್ಲ ಹೇಳಿದೆ. ಅವಳು ಎಲ್ಲ ಕೇಳಿ, ಹಳೇ ಕಾಲದ ಹಾಗೆ ಲೆಕ್ಕ ಹಾಕಿದಳು. ದೀಪಾವಳಿಯಿಂದ ಯುಗಾದಿಗೆ ಇಷ್ಟು ದಿನ, ತಿಂಗಳಿಗೊಮ್ಮೆ ತಾನು ಹೋದರೆ ಇಷ್ಟು ಸಲ, ಎರಡು ದಿನದ ಕೂಲಿ ತಪ್ಪಿದರೆ ಇಷ್ಟು. "ಊರಾಗ ಬಿಡ್ತೀನಣ್ಣ. ಏಳನೇದು ಪರೀಕ್ಷಿ ಒಂದು ಬರಿಯಾಲಿ" ಅಂದಳು.

ಹುಡುಗ ಈಗ ನಮ್ಮಪ್ಪನ ಹತ್ತಿರ ಸಂಜೆ ಲೆಕ್ಕ ಹೇಳಿಸಿಕೊಳ್ಳೋಕೆ ಬರ್ತಾನೆ. ಅವ್ವನಷ್ಟು ಚುರುಕಿಲ್ಲವಂತೆ, ಆದರೆ ಹಠ ಇದೆಯಂತೆ. ದೀಪಾವಳಿಗೆ ಮೇಸ್ತ್ರಿ ಬಂದಾಗ ಏನಾಗುತ್ತೋ ನೋಡಬೇಕು.

ತುಂಬಾ ಉದ್ದ ಆಯ್ತು, ಇಲ್ಲಿವರೆಗೂ ಓದಿದ್ದೀರಿ ಅಂದರೆ ನಿಮ್ಮ ತಾಳ್ಮೆ ದೊಡ್ಡದು. ನಿಮ್ಮೂರಿನದು ಏನು ಕಥೆ? ಮಲೆನಾಡಿನ ತೋಟದ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದಿದ್ದಾರೆ ಅಂತ ಸ್ನೇಹಿತರು ಹೇಳ್ತಿರ್ತಾರೆ, ಕರಾವಳಿಯವರ ಮುಂಬಯಿ ಕಥೆ ಇನ್ನೊಂದು ಥರ. ಯಾರು ಹೋದರು, ಅವರ ಜಾಗಕ್ಕೆ ಯಾರು ಬಂದರು, ಅವರಿಗೆ ತಿರುಗಿ ಬರುವ ದಾರಿ ಇದೆಯಾ... ಬಿಡುವಾದಾಗ ಬರೆಯಿರಿ, ಓದೋಕೆ ಕಾಯ್ತಿರ್ತೀನಿ.